ನೂರ ಮೂವತ್ತೆರಡು ಸುತ್ತು

ಒಂದು ಹತ್ತು ನಿಮಿಷ ಕೈಯಲ್ಲಿರುವುದನ್ನು ಪಕ್ಕಕ್ಕಿಟ್ಟು ನನ್ನ ಮಾತು ಕೇಳಿ. ಅರ್ಧಕ್ಕೆ ಮಾತ್ರ ಎದ್ದು ಹೋಗಬೇಡಿ, ಯಾಕೆಂದರೆ ಅರ್ಧ ಕೇಳಿದವರು ನನ್ನನ್ನು ಕಳ್ಳಿ ಅನ್ನುತ್ತಾರೆ. ಪೂರ್ತಿ ಕೇಳಿದವರಲ್ಲೂ ಕೆಲವರು ಹಾಗೇ ಅಂದಿದ್ದಾರೆ, ಆದರೆ ಸ್ವಲ್ಪ ಮೆಲ್ಲಗೆ.

ನಮ್ಮೂರಿನಲ್ಲಿ ಪ್ರತಿಯೊಬ್ಬರೂ ತಾವು ಕಲಿತ ಒಂದೊಂದು ಕೆಲಸಕ್ಕೂ ದಿನಕ್ಕೆ ಅರ್ಧ ತಾಸು ತೆಗೆದಿಡುತ್ತಾರೆ. ಒಂದು ದಿನ ತಪ್ಪಿದರೆ ಏನೂ ಆಗುವುದಿಲ್ಲ. ಮೂರು ದಿನ ತಪ್ಪಿದರೆ ಬೆರಳು ಜಡವಾಗುತ್ತದೆ. ಏಳು ದಿನ ಮುಟ್ಟದೇ ಬಿಟ್ಟರೆ ಏಳನೆಯ ಸಂಜೆ ಸೂರ್ಯ ಮುಳುಗುವಾಗ ಆ ಕೆಲಸದ ಕೈ, ಅಂದರೆ ಕಲಿತದ್ದೆಲ್ಲ, ಹಾರುತ್ತದೆ, ಆ ಕ್ಷಣಕ್ಕೆ ಯಾರು ಹತ್ತಿರ ಇದ್ದಾರೋ ಅವರಿಗೆ ಹೋಗಿ ಸೇರುತ್ತದೆ. ಟೇಲರ್ ಗುರುಪಾದಪ್ಪ ಮಗಳ ಊರಿನಲ್ಲಿ ಆರು ದಿನ ಆರಾಮ ಮಾಡಿ ಏಳನೆಯ ಸಂಜೆ ಬಸ್ಸಿನಲ್ಲಿ ವಾಪಸ್ ಬರುವಾಗ ಕಂಡಕ್ಟರ್ ಪಕ್ಕದ ಸೀಟಿನಲ್ಲಿ ಕುಳಿತಿದ್ದ. ಈಗ ಕಂಡಕ್ಟರ್ ಯಮನೂರಪ್ಪ ಡಿಪೋದಲ್ಲಿ ಮಿಷನ್ ಇಟ್ಟುಕೊಂಡು ಬ್ಲೌಸ್ ಹೊಲಿಯುತ್ತಾನೆ, ಗುರುಪಾದಪ್ಪನ ಹೆಂಡತಿಯೂ ಅಲ್ಲೇ ಹೊಲಿಸುತ್ತಾಳೆ. ಇನ್ನು ಒಳ್ಳೆಯ ಕೆಲಸಗಾರರು ಯಾರಾದರೂ ಜ್ವರ ಬಂದು ಮಲಗಿದರೆ ನಾಲ್ಕನೆಯ ದಿನದಿಂದ ಮನೆ ತುಂಬ ಜನ. ಎಲ್ಲರೂ ಮೋಸಂಬಿ ಹಿಡಿದು ಬರುತ್ತಾರೆ, ಎಲ್ಲರಿಗೂ ಹಾಸಿಗೆಗೆ ತಾಗಿದ ಕುರ್ಚಿಯೇ ಬೇಕು.

ನಮ್ಮಲ್ಲಿ ಬುದ್ಧಿ ಇದ್ದವರು ಎರಡು ಅಥವಾ ಮೂರು ಕೆಲಸ ಇಟ್ಟುಕೊಳ್ಳುತ್ತಾರೆ. ನಾನು ಹನ್ನೊಂದು ಇಟ್ಟುಕೊಂಡಿದ್ದೆ. ಬೆಳಿಗ್ಗೆ ಐದೂವರೆಗೆ ಶೀರ್ಷಾಸನ, ಆರಕ್ಕೆ ಈಜು, ಏಳಕ್ಕೆ ಟೈಪಿಂಗ್, ಆಮೇಲೆ ಇಂಗ್ಲಿಷ್ ಮಾತು, ಕೇಕ್, ಮೆಹೆಂದಿ, ಅಬ್ಯಾಕಸ್, ಹೀಗೆ. ನಾಲ್ಕು ಬಣ್ಣದ ಪೆನ್ನಿನಲ್ಲಿ ಬರೆದ ವೇಳಾಪಟ್ಟಿಯನ್ನು ಬೀರುವಿನ ಬಾಗಿಲಿಗೆ ಅಂಟಿಸಿದ್ದೆ. ಒಂದರಿಂದ ಇನ್ನೊಂದಕ್ಕೆ ಓಡುವುದೇ ಒಂದು ಕೆಲಸವಾಗಿತ್ತು. ಕೂದಲಿನಲ್ಲಿ ಕೆರೆಯ ನೀರು, ಉಗುರಿನಲ್ಲಿ ಮೈದಾ. ಅವ್ವ ಒಂದು ದಿನ ಆ ಪಟ್ಟಿಯ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತು ಮೇಲಿಂದ ಕೆಳಗೆ ಎರಡು ಸಲ ಓದಿದಳು.

"ಎಲ್ಲಾ ಚಂದ ಬರದಿ. ಉಣ್ಣೂದು ಯಾವ ಸಾಲಿನಾಗ ಐತಿ?"

ನಿನಗೆ ಇರುವುದಾದರೂ ಎಷ್ಟು ಎಂದು ನಾನು ಕೇಳಿದೆ. ರೊಟ್ಟಿ ಬಡಿಯುವುದು, ಹೊಲಿಗೆ, ಮತ್ತು ನಿನ್ನನ್ನು ಬೈಯುವುದು, ಮೂರನೆಯದನ್ನು ಒಂದು ದಿನವೂ ತಪ್ಪಿಸಿಲ್ಲ ಎಂದಳು.

ಹನ್ನೊಂದರಲ್ಲಿ ಕೊನೆಯದು, ಸಂಜೆ ನಾಲ್ಕರದ್ದು, ಮೋಟರ್ ವೈಂಡಿಂಗ್. ಬಸ್ ಸ್ಟ್ಯಾಂಡಿನ ಹಿಂದೆ ನೀಲಗಂಗಕ್ಕನ ಅಂಗಡಿ. ಸುಟ್ಟ ಫ್ಯಾನು, ಮಿಕ್ಸಿ, ಪಂಪು, ಏನೇ ಬಂದರೂ ಒಳಗಿನ ಕರಕಲು ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತಿ ಕೊಡುತ್ತಿದ್ದಳು. ನಮ್ಮೂರಿನಲ್ಲಿ ಆ ಕೈ ಇದ್ದದ್ದು ಅವಳೊಬ್ಬಳಿಗೇ. ಕೆರೆಯ ಪಂಪು ವರ್ಷಕ್ಕೆ ನಾಲ್ಕು ಸಲವಾದರೂ ಸುಡುತ್ತಿತ್ತು, ಆವಾಗೆಲ್ಲ ಊರಿನ ನೀರು ಅವಳ ಹತ್ತು ಬೆರಳಿನಲ್ಲಿ ಇರುತ್ತಿತ್ತು. ಒಂದು ಫ್ಯಾನಿನ ಒಂದು ಸುರುಳಿಗೆ ನೂರ ಮೂವತ್ತೆರಡು ಸುತ್ತು. ಒಂದು ಹೆಚ್ಚಾದರೂ ಒಂದು ಕಡಿಮೆಯಾದರೂ ಫ್ಯಾನು ಬಿಸಿಯಾಗುತ್ತದೆ. ಅಕ್ಕ ಎಣಿಸುತ್ತಲೇ ಇರಲಿಲ್ಲ. ಮಾತಾಡುತ್ತ, ಚಹಾ ಕುಡಿಯುತ್ತ, ಬಸ್ಸಿನವರನ್ನು ಬೈಯುತ್ತ ಸುತ್ತುತ್ತಿದ್ದಳು, ಕೈ ತಾನೇ ನಿಲ್ಲುತ್ತಿತ್ತು, ಎಣಿಸಿದರೆ ನೂರ ಮೂವತ್ತೆರಡು. ನಾನು ಬಾಯಿಬಿಟ್ಟು ಎಣಿಸಿದರೂ ನೂರರ ಆಸುಪಾಸಿನಲ್ಲಿ ತಪ್ಪುತ್ತಿದ್ದೆ. ಹಾಗೆ ಆರುನೂರ ತೊಂಬತ್ತು ದಿನ ತಪ್ಪಿದೆ, ಒಂದು ದಿನವೂ ಬಿಡದೆ.

ಅಕ್ಕ ಬೈಯುತ್ತಿರಲಿಲ್ಲ. ಒಮ್ಮೆ ಮಾತ್ರ ನನ್ನ ಮಣಿಕಟ್ಟು ಹಿಡಿದು ಅಲ್ಲಾಡಿಸಿ, "ಇದು ನನ್ನ ಅಂಗಡಿಗೆ ಬಂದ ಮ್ಯಾಲೂ ಇನ್ನೂ ಕೆರೀ ನೀರಾಗ ಕಾಲು ಬಡೀತಿರತೈತಿ" ಎಂದಳು. ಹನ್ನೊಂದರಲ್ಲಿ ಎಂಟನ್ನು ಬಿಡು ಎಂದು ಆವತ್ತೇ ಹೇಳಿದಳು. ನಾನು ಆ ರಾತ್ರಿಯೇ ಹನ್ನೆರಡನೆಯದಕ್ಕೆ ಪಟ್ಟಿಯಲ್ಲಿ ಜಾಗ ಹುಡುಕುತ್ತಿದ್ದೆ.

ಬೇಸಿಗೆಯ ಆರಂಭದಲ್ಲಿ ನೀಲಗಂಗಕ್ಕನಿಗೆ ಜ್ವರ ಬಂತು. ಎರಡನೆಯ ದಿನಕ್ಕೆ ಎಚ್ಚರ ತಪ್ಪಿತು. ಅಂಗಡಿಯ ಹಿಂದಿನ ಕೋಣೆಯೇ ಅವಳ ಮನೆ, ಅವಳಿಗೆ ಅಂತ ಬೇರೆ ಯಾರೂ ಇರಲಿಲ್ಲ. ಮೊದಲ ದಿನದ ನಸುಕಿನಿಂದಲೇ ನಾನು ಹೋಗಿ ಕುಳಿತಿದ್ದೆ. ಒದ್ದೆ ಬಟ್ಟೆ, ಗಂಜಿ ನೀರು, ಡಾಕ್ಟರು, ಮತ್ತೆ ಒದ್ದೆ ಬಟ್ಟೆ. ನಾಲ್ಕನೆಯ ದಿನ ರಾಚಪ್ಪ ಬಂದ. ಅವನು ಹೊಸ ಮೋಟರ್ ಮಾರುವ ಅಂಗಡಿಯವನು, ರಿಪೇರಿ ಕೈಯೂ ಸಿಕ್ಕಿಬಿಟ್ಟರೆ ಊರಿನ ಮೋಟರೆಲ್ಲ ಅವನ ಕೈಗೇ. ಒಂದು ಡಜನ್ ಮೋಸಂಬಿ ಇಟ್ಟು ಕುರ್ಚಿಯನ್ನು ಹಾಸಿಗೆಗೆ ಎಳೆದುಕೊಂಡ. ಡಾಕ್ಟರು ಯಾರನ್ನೂ ಬಿಡಬಾರದು ಅಂದಿದ್ದಾರೆ ಎಂದು ಸುಳ್ಳು ಹೇಳಿ ಕಳಿಸಿದೆ. ಐದನೆಯ ದಿನ ಅವನು ಕಿಟಕಿಯ ಹೊರಗೆ, ಗೋಡೆಗೆ ಒತ್ತಿ, ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತ ಕುಳಿತ. ರಸ್ತೆ ಯಾರಪ್ಪನದೂ ಅಲ್ಲವಲ್ಲ.

ಅಕ್ಕನ ಬೆರಳಿಗೆ ತಂತಿ ಕೊಟ್ಟು, ನನ್ನ ಕೈಯಿಂದ ಅವಳ ಕೈ ಹಿಡಿದು ಸುತ್ತಿಸಿದೆ. ದಿನಕ್ಕೆ ಹತ್ತು ಸಲ ಸುತ್ತಿಸಿದೆ. ಅದು ಲೆಕ್ಕಕ್ಕೆ ಬರುವುದಿಲ್ಲ ಎಂದು ನಮ್ಮೂರಿನ ಮಕ್ಕಳಿಗೂ ಗೊತ್ತು, ತಾನಾಗಿ ಮಾಡಬೇಕು. ಆದರೂ ಸುತ್ತಿಸಿದೆ. ಏಳನೆಯ ಸಂಜೆ ರಾಚಪ್ಪನ ಕುರ್ಚಿಗೂ ಹಾಸಿಗೆಗೂ ನಡುವೆ ಒಂದು ಗೋಡೆ ಮತ್ತು ನಾನು. ನಾನು ಎದ್ದು ಹೋದರೆ ಅವನೇ ಹತ್ತಿರದವನು. ಕಾಯಲು ಕುಳಿತೆ ಎಂದು ಎಲ್ಲರಿಗೂ ಹೇಳಿದ್ದೇನೆ. ನಿಮಗೆ ಪೂರ್ತಿ ಹೇಳುತ್ತೇನೆ: ಕಾಯಲು ಕುಳಿತೆ, ಮತ್ತು ನನಗೆ ಆ ಕೈ ಬೇಕಾಗಿತ್ತು. ಎರಡೂ ನಿಜ.

ಸೂರ್ಯ ಮುಳುಗಿದ. ಬಿಸಿ ಚಹಾದ ಲೋಟ ಹಿಡಿದ ಹಾಗೆ ಬೆರಳು ಬೆಚ್ಚಗಾಯಿತು, ಅಷ್ಟೇ. ಮೇಜಿನ ಮೇಲಿದ್ದ ತಂತಿ ತೆಗೆದುಕೊಂಡು ಕಣ್ಣು ಮುಚ್ಚಿ ಸುತ್ತಿದೆ. ಕೈ ತಾನೇ ನಿಂತಿತು. ಬಿಚ್ಚಿ ಎಣಿಸಿದೆ, ನೂರ ಮೂವತ್ತೆರಡು. ನನ್ನದೇ ಆದ ಆರುನೂರ ತೊಂಬತ್ತು ದಿನ ಒಳಗೆ ಎಲ್ಲಿ ಹೋಯಿತೆಂದು ಹುಡುಕಿದೆ. ಸಿಗಲಿಲ್ಲ. ದೊಡ್ಡ ಕೈ ಬಂದು ಸಣ್ಣ ಕೈಯನ್ನು ಮುಳುಗಿಸಿತ್ತು.

ಇನ್ನೊಂದು ತಮಾಷೆ ಆಗಿತ್ತು, ಅದು ನನಗೆ ಗೊತ್ತಾಗಿದ್ದು ಮೂರು ದಿನದ ಮೇಲೆ, ಅಕ್ಕನಿಗೆ ಎಚ್ಚರ ಬಂದಾಗ. ಏಳು ದಿನ ನಾನು ಈಜಿರಲಿಲ್ಲ, ಟೈಪ್ ಮಾಡಿರಲಿಲ್ಲ, ಕೇಕ್ ಸುಟ್ಟಿರಲಿಲ್ಲ. ಒಂದು ಅಕ್ಷರ ಒತ್ತಿದ್ದರೆ ಸಾಕಿತ್ತು, ನೆನಪೇ ಆಗಲಿಲ್ಲ. ಅದೇ ಸಂಜೆ, ಅದೇ ಹೊತ್ತಿಗೆ ನನ್ನ ಹತ್ತು ಅರೆಬೆಂದ ಕೈಗಳೂ ಹಾರಿ ಹತ್ತಿರದಲ್ಲಿ ಮಲಗಿದ್ದವಳಿಗೆ ಸೇರಿದ್ದವು. ಅಕ್ಕ ಕಣ್ಣು ಬಿಟ್ಟು ಹೊದಿಕೆಯ ಮೇಲೆ ಆಡುತ್ತಿದ್ದ ತನ್ನ ಬೆರಳುಗಳನ್ನು ನೋಡಿಕೊಂಡಳು.

"ಕಸ್ತೂರಿ, ಯಾಕ ನನ್ನ ಬೆರಳು ಟಪಟಪ ಅಂತಾವು? ಮತ್ತ ಈ ತಲಿ ಕೆಳಗ ಮಾಡಿ ನಿಲ್ಲಬೇಕು ಅಂತ ಯಾಕ ಅನಸಾಕತ್ತೈತಿ?"

ನಾನು ಅತ್ತೆ. ಅವಳಿಗೆ ಎಲ್ಲ ಅರ್ಥವಾಯಿತು. ತಂತಿ ಕೇಳಿದಳು, ಎರಡು ಸುತ್ತು ಸುತ್ತಲು ನೋಡಿದಳು, ತಂತಿ ಗಂಟಾಯಿತು. ಪಕ್ಕಕ್ಕಿಟ್ಟು, ಬೇರೆ ಯಾರಿಗೂ ಹೋಗಲಿಲ್ಲವಲ್ಲ, ಒಳ್ಳೆಯದೇ ಆಯಿತು ಎಂದಳು. ನನ್ನ ಹತ್ತು ಕೈಗಳು ಅವಳಿಗೆ ಬೇಕಾಗಿರಲಿಲ್ಲ, ಮುಟ್ಟಲೂ ಇಲ್ಲ. ಅವು ಹಾರುವ ಏಳನೆಯ ದಿನ ರಾಚಪ್ಪ ಮತ್ತೆ ಮೋಸಂಬಿಯೊಂದಿಗೆ ಬಂದ, ಈ ಸಲ ನಾನು ತಡೆಯಲಿಲ್ಲ, ಸಂಜೆಯವರೆಗೂ ಹಾಸಿಗೆಗೆ ಅಂಟಿ ಕುಳಿತ, ಹತ್ತೂ ಅವನಿಗೆ ಸೇರಿದವು. ಈಗ ಅವನು ಊರಿನಲ್ಲೇ ಚೆನ್ನಾಗಿ ಮೆಹೆಂದಿ ಹಾಕುತ್ತಾನೆ. ಮದುವೆ ಸೀಸನ್ನಿನಲ್ಲಿ ಮೋಟರ್ ಅಂಗಡಿಯ ಮುಂದೆ ಮದುವಣಗಿತ್ತಿಯರ ಸಾಲು ಇರುತ್ತದೆ.

ಒಂದು ತಿಂಗಳು ಅಂಗಡಿ ನಾನೇ ನಡೆಸಿದೆ. ಎಂಥ ತಿಂಗಳು ಅದು! ಸುಟ್ಟ ಮೋಟರ್ ಮೂಸಿ ನೋಡಿದರೆ ಎಲ್ಲಿ ಕೆಟ್ಟಿದೆ ಎಂದು ತಿಳಿಯುತ್ತಿತ್ತು. ಬೀರುವಿನ ಬಾಗಿಲಿನ ಪಟ್ಟಿ ಕಿತ್ತು ಒಂದೇ ಸಾಲು ಬರೆದು ಅಂಟಿಸಿದೆ. ಅವ್ವ ಅದನ್ನು ನೋಡಿ ಏನೂ ಅನ್ನಲಿಲ್ಲ, ಅವಳು ಬೈಯದೇ ಇದ್ದ ದಿನ ಅದೊಂದೇ.

ಆಮೇಲೆ ಒಂದು ದಿನ ಸರಿಯಾಗಿ ನಾಲ್ಕಕ್ಕೆ ಅಕ್ಕ ಗೋಡೆ ಹಿಡಿದುಕೊಂಡು ಅಂಗಡಿಗೆ ಬಂದಳು. ನಾನು ಎರಡು ವರ್ಷ ಕೂರುತ್ತಿದ್ದ ಮೂಲೆಯ ಗಿಡ್ಡ ಸ್ಟೂಲಿನ ಮೇಲೆ ಕುಳಿತಳು.

"ನನಗ ಹೇಳಿಕೊಡತಿಯೇನು? ಅರ್ಧ ತಾಸು ಸಾಕು."

ನಾನು ಏನು ಹೇಳಿಕೊಡಲಿ? ನನಗೆ ಗೊತ್ತಿದ್ದದ್ದೆಲ್ಲ ಅವಳದೇ. ಅವಳು ತಂತಿ ಹಿಡಿದು ಬಾಯಿಬಿಟ್ಟು ಎಣಿಸಲು ಶುರುಮಾಡಿದಳು. ಒಂದು, ಎರಡು, ಮೂರು. ಹದಿನೇಳಕ್ಕೆ ತಪ್ಪಿತು. ಬಿಚ್ಚಿದಳು. ಒಂದು, ಎರಡು. ನನ್ನ ಕೈ ಪಕ್ಕದಲ್ಲೇ ತಾನಾಗಿ ಸುತ್ತುತ್ತಿತ್ತು, ಅದನ್ನು ಹಿಡಿದು ನಿಲ್ಲಿಸಬೇಕು ಅನ್ನಿಸಿತು. ಆ ಸಂಜೆಯೇ ತೀರ್ಮಾನ ಮಾಡಿದೆ: ವಾಪಸ್ ಕೊಡುತ್ತೇನೆ. ಏಳು ದಿನ ತಂತಿ ಮುಟ್ಟಬಾರದು, ಏಳನೆಯ ಸಂಜೆ ಅವಳ ಪಕ್ಕದಲ್ಲಿ ಕೂರಬೇಕು. ತೋರುಬೆರಳಿಗೆ ಬಟ್ಟೆ ಸುತ್ತಿ, ಕೊಯ್ದುಕೊಂಡಿದ್ದೇನೆ ಎಂದು ಎಲ್ಲರಿಗೂ ಹೇಳಿದೆ. ನಿಜ ಗೊತ್ತಿದ್ದದ್ದು ಅವ್ವನಿಗೆ ಮಾತ್ರ. ಕೆಟ್ಟ ಫ್ಯಾನುಗಳು ಬಾಗಿಲವರೆಗೂ ಬಂದು ನಿಂತವು. ಕೈ ಸುಮ್ಮನಿರಲಿಲ್ಲ, ತಲೆದಿಂಬಿನ ದಾರ, ಅವ್ವನ ಸೆರಗು, ಏನು ಸಿಕ್ಕಿದರೂ ಸುತ್ತಲು ಹೋಗುತ್ತಿತ್ತು. ಕೈಯನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂರುತ್ತಿದ್ದೆ.

ಏಳನೆಯ ದಿನ ಮಧ್ಯಾಹ್ನ ನೀರು ಬಿಡುವ ಮೌಲಾಸಾಬ ಕೆರೆಯ ಪಂಪನ್ನು ತಳ್ಳುಗಾಡಿಯಲ್ಲಿ ಹಾಕಿಕೊಂಡು ಬಂದ. ಹಿಂದೆ ಕೊಡ ಹಿಡಿದ ಹೆಂಗಸರು. ಪಂಪಿನಿಂದ ಸುಟ್ಟ ವಾಸನೆ ಇನ್ನೂ ಏಳುತ್ತಿತ್ತು.

"ಟಾಕಿ ತಳ ಕಂಡೈತಿ, ಕಸ್ತೂರಿ. ಈಗ ಕುಂತ್ರ ನಾಳೆ ಮುಂಜಾನೆ ನೀರು. ಸಂಜಿ ಮ್ಯಾಲೆ ಕುಂತ್ರ ನಾಡದ್ದು. ಹುಡುಗರು ಎರಡು ದಿನ ತಡಕೊಳ್ಳೂದಿಲ್ಲ."

ಬೆರಳು ತೋರಿಸಿದೆ. ಅಕ್ಕ ಸ್ಟೂಲಿನಿಂದ ಎದ್ದು ಬಂದು ನನ್ನ ಬೆರಳಿನ ಬಟ್ಟೆ ಬಿಚ್ಚಿದಳು. ಗಾಯವಿಲ್ಲದ ಬೆರಳನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. ನನ್ನನ್ನು ಒಳಕೋಣೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದಳು.

"ಎಷ್ಟನೇ ದಿನ?"

ಏಳು ಎಂದೆ.

"ನನ್ನ ಕೇಳಿದ್ಯೇನು?" ಎಂದಳು. ಅವಳು ನನ್ನ ಮೇಲೆ ಸಿಟ್ಟಾಗಿದ್ದನ್ನು ಮೊದಲ ಸಲ ನೋಡಿದೆ. "ಆ ಕೈ ನಂದಲ್ಲ. ನಮ್ಮಣ್ಣಂದು. ಅವಂಗ ಗಂಜಿ ಕುಡಸಾಕ ಹೋದಾಕಿಗೆ ಏಳನೇ ಸಂಜಿ ಬಂದು ಬಿತ್ತು, ನಿನಗ ಬಂದಂಗನ. ನಾ ಒಂದು ದಿನಾನೂ ಕಲತಾಕಿ ಅಲ್ಲ. ಬಂದಿತ್ತು, ಹೋತು. ಈಗ ಮೊದಲನೇ ಸಲ ನಾನ ಕಲಿಯಾಕತ್ತೀನಿ, ನಿನ್ನೆ ನಲವತ್ತರ ತನಕ ಎಣಿಸೀನಿ. ಅದನ್ನ ಮುಳುಗಿಸಬ್ಯಾಡ. ಹೋಗಿ ಸುತ್ತು."

ನಾನು ಹೋಗಿ ಸುತ್ತಿದೆ. ಆರು ದಿನ ಹಿಡಿದಿಟ್ಟ ಕೈ ಹಸಿದ ದನದ ಹಾಗೆ ತಂತಿಯ ಮೇಲೆ ಬಿತ್ತು. ಮಾರನೆಯ ಬೆಳಿಗ್ಗೆ ನಲ್ಲಿಗಳಲ್ಲಿ ನೀರು ಬಂತು. ಮೌಲಾಸಾಬ ನನ್ನ ತಲೆಯ ಮೇಲೆ ಕೈಯಿಟ್ಟು ಹೋದ. ನನಗೆ ಎಷ್ಟು ಹಗುರವಾಗಿತ್ತೆಂದರೆ ಮನೆಯವರೆಗೂ ಓಡಿಕೊಂಡೇ ಹೋದೆ. ಅಕ್ಕನದ್ದೂ ಬಂದ ಕೈಯೇ, ನನ್ನದೂ ಬಂದ ಕೈಯೇ, ಯಾರೂ ಯಾರದ್ದನ್ನೂ ಕಸಿದಿಲ್ಲ.

ಎರಡು ತಿಂಗಳು ಹಾಗೇ ಓಡಾಡಿಕೊಂಡಿದ್ದೆ. ಅಕ್ಕ ಈಗ ಅರ್ಧ ತಾಸಲ್ಲ, ಬೆಳಗಿನಿಂದ ಸಂಜೆಯವರೆಗೆ ಸ್ಟೂಲಿನ ಮೇಲೆ ಇರುತ್ತಿದ್ದಳು. ಅವಳ ಎಣಿಕೆ ಅರವತ್ತಾಯಿತು, ತೊಂಬತ್ತಾಯಿತು, ನೂರು ದಾಟಿತು. ಒಂದು ದಿನ ಅವಳು ಸಂತೆಗೆ ಹೋಗಿದ್ದಾಗ ಸುರುಳಿಯ ಕೆಳಗೆ ಹಾಸುವ ಕಾಗದ ಮುಗಿದಿತ್ತು. ಹಳೆಯದು ಏನಾದರೂ ಇದೆಯೇ ಎಂದು ಅಟ್ಟದ ತಗಡಿನ ಡಬ್ಬಿ ಇಳಿಸಿದೆ. ಅದರ ತಳದಲ್ಲಿ ನಾಲ್ಕು ಶಾಲೆಯ ನೋಟುಬುಕ್ಕುಗಳಿದ್ದವು, ಹಾಳೆ ಹಳದಿಯಾಗಿ ಅಂಚು ಪುಡಿಯಾಗುತ್ತಿತ್ತು. ಮೊದಲ ಪುಟದಲ್ಲಿ ಅಕ್ಕನ ಅಕ್ಷರ, ಆದರೆ ಎಳೆಯ ಅಕ್ಷರ: ದಿನ ಒಂದು. ಐದು ಸುತ್ತು. ಬೆರಳು ಕೊಯ್ದಿತು. ದಿನ ಎರಡು. ಒಂಬತ್ತು. ದಿನ ಮೂವತ್ತು. ಅಣ್ಣ ನಕ್ಕ. ದಿನ ಇನ್ನೂರ ಎಂಟು. ಜ್ವರ, ಆದರೂ ಹತ್ತು ಸುತ್ತು. ಒಂದು ದಿನವೂ ಬಿಟ್ಟಿರಲಿಲ್ಲ. ಕೊನೆಯ ಪುಸ್ತಕದಲ್ಲಿ ದಿನ ಏಳುನೂರ ಹನ್ನೆರಡು. ಅಲ್ಲಿ ಎರಡೇ ಪದ. ಫ್ಯಾನ್ ತಿರುಗಿತು.

ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ನೆಲದ ಮೇಲೆ ಕುಳಿತೆ. ಊರಿಗೆ ನೀರು ಬರಲಿ ಎಂದು, ನಾನು ತಂತಿ ಎತ್ತಿಕೊಳ್ಳಲಿ ಎಂದು ಅವಳು ತನ್ನ ಏಳುನೂರ ಹನ್ನೆರಡು ದಿನವನ್ನು ಇಲ್ಲವೆಂದು ಹೇಳಿದ್ದಳು. ಇನ್ನೊಂದು ಲೆಕ್ಕವೂ ತಲೆಯಲ್ಲಿ ಬಂತು, ಬೇಡವೆಂದರೂ ಬಂತು. ನಾನು ನಿಂತದ್ದು ಆರುನೂರ ತೊಂಬತ್ತಕ್ಕೆ. ಇನ್ನು ಇಪ್ಪತ್ತೆರಡು ದಿನ ಸುತ್ತಿದ್ದರೆ ನನ್ನದೇ ಫ್ಯಾನ್ ತಿರುಗುತ್ತಿತ್ತೋ ಏನೋ.

ಡಬ್ಬಿ ಅಟ್ಟಕ್ಕೆ ಇಟ್ಟು ಮತ್ತೆ ಬೆರಳಿಗೆ ಬಟ್ಟೆ ಸುತ್ತಿಕೊಂಡೆ. ಈ ಸಲ ನಿಜವಾಗಿಯೂ ಸ್ವಲ್ಪ ಕೊಯ್ದುಕೊಂಡೆ, ಬಿಚ್ಚಿ ನೋಡಿದರೆ ಇರಲಿ ಎಂದು. ಅಕ್ಕ ಬಟ್ಟೆ ನೋಡಿದಳು, ಬಿಚ್ಚಲಿಲ್ಲ, ತನ್ನ ಸುರುಳಿಗೆ ಮರಳಿದಳು. ಅದು ನನಗೆ ಇನ್ನೂ ಕಷ್ಟವಾಯಿತು. ಒಂದು, ಎರಡು, ಆರು ದಿನ ದಾಟಿತು. ಪಂಪು ಸುಡಲಿಲ್ಲ. ರಾಚಪ್ಪನಿಗೆ ಮದುವೆಮನೆಗಳ ಮೆಹೆಂದಿ ಕೆಲಸ. ಯಾವ ಅಡ್ಡಿಯೂ ಇರಲಿಲ್ಲ. ಏಳನೆಯ ಸಂಜೆ ಅಂಗಡಿಯ ಅರ್ಧ ಬಾಗಿಲು ಎಳೆದು ಅವಳ ಸ್ಟೂಲಿನ ಪಕ್ಕ ನೆಲದ ಮೇಲೆ ಕುಳಿತೆ.

ಅವಳು ಬೆಳಿಗ್ಗೆಯಿಂದ ಒಂದು ಹಳೆಯ ಫ್ಯಾನಿಗೆ ಸುತ್ತುತ್ತಿದ್ದಳು. ಕೊನೆಯ ಸುರುಳಿ ಆಗ ಮುಗಿಯಿತು. ನೂರ ಮೂವತ್ತೊಂದು, ನೂರ ಮೂವತ್ತೆರಡು ಎಂದು ಗಟ್ಟಿಯಾಗಿ ಹೇಳಿ, ತುದಿ ಕಟ್ಟಿ, ಮೇಲಿನ ಕೊಕ್ಕೆಗೆ ಹಾಕಿ, ಸ್ವಿಚ್ ಒತ್ತಿದಳು. ಮೊದಲು ಏನೂ ಆಗಲಿಲ್ಲ. ಆಮೇಲೆ ಗುಂಯ್ ಎಂದಿತು. ಆಮೇಲೆ ನಿಧಾನವಾಗಿ, ಸ್ವಲ್ಪ ನಡುಗುತ್ತ, ತಿರುಗಿತು. ಅವಳ ಹಳೆಯ ಕೈ ಸುತ್ತಿದ ಯಾವ ಫ್ಯಾನೂ ಗುಂಯ್ ಅನ್ನುತ್ತಿರಲಿಲ್ಲ. ಇದು ಅನ್ನುತ್ತಿತ್ತು. ಅಕ್ಕ ಕತ್ತೆತ್ತಿ ಅದನ್ನು ನೋಡುತ್ತ ನಿಂತಳು, ಹಣೆಯ ಮೇಲಿನ ಬಿಳಿ ಕೂದಲು ಹಾರುತ್ತಿತ್ತು.

"ನಲವತ್ತು ವರ್ಷದ ಹಿಂದನೂ," ಎಂದಳು, "ಮೊದಲನೇ ಫ್ಯಾನ್ ತಿರಗಿದಾಗ ನಾ ಹಿಂಗ ನಿಂತು ನೋಡಿದ್ದೆ."

ಹೇಳಿದ ಮೇಲೆ ತಾನು ಹೇಳಿದ್ದು ಏನೆಂದು ಅವಳಿಗೇ ಕೇಳಿಸಿತು. ನನ್ನ ಕಡೆ ತಿರುಗಲಿಲ್ಲ. ನನಗೆ ಗೊತ್ತು ಎನ್ನುವುದೂ ಅವಳಿಗೆ ಗೊತ್ತಾಯಿತು ಅನ್ನಿಸುತ್ತದೆ. ಅರ್ಧ ಬಾಗಿಲಿನ ಕೆಳಗಿಂದ ಬರುತ್ತಿದ್ದ ಬಿಸಿಲು ಕೆಂಪಾಗಿ, ಹೊಸ್ತಿಲ ಮೇಲೆ ಒಂದು ಬೆರಳಿನಷ್ಟು ಉಳಿದಿತ್ತು.

ಸುಮ್ಮನೆ ಕುಳಿತಿದ್ದರೆ ಸಾಕಿತ್ತು. ನಲವತ್ತು ವರ್ಷದ ಅವಳ ಕೈ ಅವಳಿಗೆ ಹೋಗುತ್ತಿತ್ತು. ನಡುಗುವ ಈ ಫ್ಯಾನು ಸುತ್ತಿದ ಮೂರು ತಿಂಗಳ ಕೈ ಅದರ ಕೆಳಗೆ ಮುಳುಗುತ್ತಿತ್ತು, ನನ್ನ ಆರುನೂರ ತೊಂಬತ್ತು ಮುಳುಗಿದ ಹಾಗೆ, ಹುಡುಕಿದರೂ ಸಿಗದ ಹಾಗೆ. ಮತ್ತು ನಾನು ಇಪ್ಪತ್ತೆರಡರ ವಯಸ್ಸಿನಲ್ಲಿ ಬರಿಗೈಯಲ್ಲಿ ಮನೆಗೆ ಹೋಗುತ್ತಿದ್ದೆ, ಶೀರ್ಷಾಸನವೂ ಇಲ್ಲದೆ. ಇವು ಮೂರೂ ನನ್ನ ತಲೆಯಲ್ಲಿ ಒಟ್ಟಿಗೇ ಇದ್ದವು, ಯಾವುದು ಮುಂದೆ ಯಾವುದು ಹಿಂದೆ ಎಂದು ಈಗಲೂ ಹೇಳಲಾರೆ.

ಬಟ್ಟೆ ಬಿಚ್ಚಿದೆ. ನೆಲದ ಮೇಲಿದ್ದ, ತಂತಿ ಸುತ್ತುವ ಮರದ ಅಚ್ಚು ಎತ್ತಿಕೊಂಡೆ. ತಂತಿಯ ತುದಿ ಹಿಡಿದು ಒಂದೇ ಒಂದು ಸುತ್ತು ಸುತ್ತಿದೆ. ಆ ಗುಂಯ್ ಸದ್ದಿನಲ್ಲಿ ತಂತಿ ಸರಿದದ್ದು ಯಾರಿಗೂ ಕೇಳಿಸುವಂತಿರಲಿಲ್ಲ. ಆದರೆ ಅಕ್ಕ ಫ್ಯಾನಿನಿಂದ ಕಣ್ಣು ತೆಗೆಯದೆಯೇ ಹೇಳಿದಳು:

"ಒಂದು."

ಹೊಸ್ತಿಲ ಮೇಲಿನ ಬಿಸಿಲು ಹೋಯಿತು. ಅವಳ ಆ ಒಂದು ಮಾತಿನಲ್ಲಿ ಇದ್ದದ್ದು ಸಮಾಧಾನವೋ, ಕಳೆದುಕೊಂಡ ದುಃಖವೋ ಎಂದು ನಾನು ಇವತ್ತಿನವರೆಗೂ ಕೇಳಿಲ್ಲ. ನಾಳೆ ಬೆಳಿಗ್ಗೆ ಅವಳು ಸ್ಟೂಲಿಗೆ ಬರುತ್ತಾಳೆ, ನಾನೂ ಇರುತ್ತೇನೆ. ಈಗ ನೀವು ಹೇಳಿ, ಪೂರ್ತಿ ಕೇಳಿದ್ದೀರಲ್ಲ: ಆ ಬೆರಳಷ್ಟು ಬಿಸಿಲು ಉಳಿದಿದ್ದಾಗ ನನ್ನ ಜಾಗದಲ್ಲಿ ನೆಲದ ಮೇಲೆ ನೀವು ಕುಳಿತಿದ್ದರೆ, ಆ ತಂತಿಯನ್ನು ಮುಟ್ಟುತ್ತಿದ್ದಿರೋ, ಬಿಡುತ್ತಿದ್ದಿರೋ?